ಮೂರು ಡಿಸ್ಕು, ಮೂರು ಪಾಲು

ಕಂಪ್ಯೂಟರ್ ಬಲ್ಲವನೆಂದು ಚಿಕ್ಕೋಡಿಯಲ್ಲಿ ಒಮ್ಮೆ ಹೆಸರಾದರೆ ಮುಗಿಯಿತು. ಎಲ್ಲರೂ ಸಲಹೆ ಕೇಳಲು ಬರುತ್ತಾರೆ, ತಲೆಯಾಡಿಸಿ ಹೋಗುತ್ತಾರೆ, ಮನೆಗೆ ಹೋಗಿ ತಮಗೆ ತೋಚಿದ್ದನ್ನೇ ಮಾಡುತ್ತಾರೆ. ನಿವೃತ್ತನಾದ ಮೇಲೆ ನಾನು ನೋಡುತ್ತ ಬಂದಿರುವುದು ಇದನ್ನೇ. ಒಂದೇ ಮನೆತನದವರು ಒಂದೇ ಕೆಲಸದಲ್ಲಿ ಮಾಡಿದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ. ಉಳಿದವರದು ಬರೆದರೆ ನನ್ನ ರಕ್ತದೊತ್ತಡ ಏರುತ್ತದೆ.

ಎರಡನೆಯ ಪ್ರತಿ

ನಮ್ಮ ಪಕ್ಕದ ಮನೆಯ ಅಕ್ಕೋರು ಶಾಲಾ ಶಿಕ್ಷಕಿ. ತವರು ರಾಯಬಾಗದ ಹತ್ತಿರದ ಕಬ್ಬಿನ ಮನೆತನ, ಮೂವರು ಅಣ್ಣಂದಿರು. ಮನೆಯ ಫೋಟೊ, ವಿಡಿಯೊಗಳೆಲ್ಲ ಒಂದೆಡೆ ಇರಲೆಂದು ಅಲ್ಲಿ ಮೂರು ಹಾರ್ಡ್ ಡಿಸ್ಕಿನ ಸರ್ವರ್ ಪೆಟ್ಟಿಗೆಯೊಂದನ್ನು ನಾನೇ ಕೂರಿಸಿಕೊಟ್ಟಿದ್ದೆ. ತೀರಿಹೋದ ತಾಯಿ ಹಾಡಿದ ಬೀಸುವ ಪದಗಳೂ ಅದರಲ್ಲೇ ಇದ್ದವು. ಎದುರು ಕೂತು ರೆಕಾರ್ಡ್ ಮಾಡಿದವರು ಅಕ್ಕೋರೇ. ಇನ್ನೊಂದು ಪ್ರತಿ ಮಾಡಿ ಪ್ರತ್ಯೇಕ ಇಡಿ ಎಂದು ಬಾಯಿ ನೋಯುವಷ್ಟು ಹೇಳಿದ್ದೆ.

ಒಂದು ದಿನ ಕರೆಂಟು ಏರಿಳಿದು ಪೆಟ್ಟಿಗೆ ಸುಟ್ಟುಹೋಯಿತು. ಅಕ್ಕೋರು ಕಣ್ಣೀರಿಡುತ್ತ ಬಂದರು. ನಾನು ಹಿರಿಯಣ್ಣನಿಗೆ ಫೋನ್ ಮಾಡಿ, "ಇನ್ನೊಂದು ಪ್ರತಿ ಇದೆಯೇ?" ಎಂದೆ.

"ಐತಲ್ರಿ ಸರ! ನೀವು ಹೇಳಿದ್ದ ಮರೀತೀನೇನ್ರಿ? ಬ್ಯಾರೆ ಫೋಲ್ಡರ್ ಮಾಡಿ ಇಟ್ಟೀನಿ."

"ಎಲ್ಲಿ?"

"ಅದ ಡಬ್ಬ್ಯಾಗ್ರಿ."

ಸಮಪಾಲು

ಪೆಟ್ಟಿಗೆ ಸುಟ್ಟರೆ ಡಿಸ್ಕೂ ಸುಟ್ಟಿರಬೇಕೆಂದಿಲ್ಲ. ಹೊಸ ಪೆಟ್ಟಿಗೆಗೆ ಮೂರನ್ನೂ ಸಾಗಿಸಿದರಾಯಿತು. "ನಾನು ಬರುವತನಕ ಯಾರೂ ಮುಟ್ಟಬೇಡಿ" ಎಂದು ಕಟ್ಟಪ್ಪಣೆ ಮಾಡಿದೆ. ಅಕ್ಕೋರು ನಿಪ್ಪಾಣಿಗೆ ಹೋಗಿ ಹೊಸ ಪೆಟ್ಟಿಗೆ ತಂದರು. ಅಷ್ಟರಲ್ಲಿ ತವರಿನಲ್ಲಿ ಹೊಲಮನೆ ಪಾಲಾಯಿತು. ಎಮ್ಮೆ ಹಂಚಿದರು, ನೀರಿನ ಪೈಪು ಹಂಚಿದರು. ಡಿಸ್ಕು ಮೂರು, ಗಂಡುಮಕ್ಕಳು ಮೂವರು. ಪಂಚರು ಕೂತು ತಲೆಗೊಂದು ಕೊಟ್ಟೇಬಿಟ್ಟರು. ತಂಗಿಗೆ ಸುಟ್ಟ ಡಬ್ಬಿ.

ನಾನು ಪಂಚರ ಹಿರಿಯನಿಗೆ ಫೋನಿನಲ್ಲೇ ಪಾಠ ಮಾಡಿದೆ: "ಒಂದೊಂದು ಹಾಡೂ ಚೂರುಚೂರಾಗಿ ಮೂರು ಡಿಸ್ಕಿನಲ್ಲೂ ಹಂಚಿಹೋಗಿರುತ್ತದೆ. ಒಂದನ್ನೇ ಇಟ್ಟುಕೊಂಡವನಿಗೆ ಒಂದು ಸಾಲೂ ಕೇಳಿಸುವುದಿಲ್ಲ!"

ಆತ ಬಲು ಸಮಾಧಾನದಿಂದ ಹೇಳಿದ: "ಹಂಗಾದ್ರ ನಮ್ಮ ನ್ಯಾಯ ಬರೋಬರಿ ಆತಲ್ರಿ. ಒಬ್ಬಗ ಹೆಚ್ಚಿಲ್ಲ, ಒಬ್ಬಗ ಕಡಿಮಿಲ್ಲ."

ತಂಪು ಜಾಗ

ಮೂವರಿಗೂ ತಂತಮ್ಮ ಡಿಸ್ಕು ಹಿಡಿದು ನಮ್ಮ ಮನೆಗೆ ಬರಲು ಹೇಳಿದೆ. ನಡುವಿನಣ್ಣ ಅಥಣಿ ಕಡೆ ದ್ರಾಕ್ಷಿ ಬೆಳೆಯುತ್ತಾನೆ. "ಡಿಸ್ಕಿಗೆ ಬಿಸಿಲು ತಾಗಬಾರದು, ತಂಪಾದ ಜಾಗದಲ್ಲಿಟ್ಟು ತಗೊಂಡು ಬಾ" ಎಂದಿದ್ದೆ. ಬಂದ. ಡಿಸ್ಕಿನ ಮೇಲೆ ಹನಿ ಇಳಿಯುತ್ತಿತ್ತು.

"ಎಲ್ಲಿಟ್ಟಿದ್ದೆ?"

"ಕೋಲ್ಡ್ ಸ್ಟೋರೇಜಿನ್ಯಾಗ್ರಿ, ನಮ್ಮ ಒಣದ್ರಾಕ್ಷಿ ಜೋಡಿ. ವರ್ಷಗಟ್ಟಲೆ ಇಟ್ರೂ ಏನೂ ಆಗೂದಿಲ್ಲ."

ಈಗಲೇ ಕರೆಂಟು ಕೊಟ್ಟರೆ ಸುಡುತ್ತದೆ, ತಾನಾಗಿ ಪೂರಾ ಒಣಗಬೇಕು ಎಂದು ಗದರಿಸಿದೆ. ಆತನ ಮುಖ ಅರಳಿತು.

"ಒಣಗಸೂದ ನಮಗ ಬಿಡ್ರಿ ಸರ. ದ್ರಾಕ್ಷಿಗೆ ಹಚ್ಚೂ ಎಣ್ಣಿ ಐತಿ. ಅದರಾಗ ಒಮ್ಮಿ ಅದ್ದಿ ತಗದ್ರ ಭಾಳ ಲಗೂ ಒಣಗತೈತಿ!"

ಸಪ್ಪಳ

ಕಿರಿಯಣ್ಣ ಕಾಗವಾಡದಿಂದ ಬಸ್ಸಿನಲ್ಲಿ ಬಂದ. ಬಾಗಿಲಲ್ಲೇ ನಿಂತು, ತೆಂಗಿನಕಾಯಿಯ ನೀರು ನೋಡುವವರ ಹಾಗೆ ಡಿಸ್ಕನ್ನು ಕಿವಿಗೆ ಹಿಡಿದು ಗಡಗಡ ಅಲ್ಲಾಡಿಸಿದ.

"ಏನಯ್ಯಾ ಅದು!" ಎಂದು ಕೂಗಿದೆ.

"ಬಸ್ಸಿನ್ಯಾಗೂ ನೋಡಕೋತ ಬಂದೀನ್ರಿ. ಸಪ್ಪಳ ಇಲ್ಲ. ನನಗಷ್ಟ ಖಾಲೀದ ಕೊಟ್ಟಾರ."

ಅಕ್ಕೋರು ಓಡಿಬಂದು ಕಸಿದುಕೊಂಡರು. "ಅಣ್ಣಾ, ಅದರಾಗ ಅವ್ವ ಅದಾಳೋ!"

ಆತ ತಂಗಿಯ ಮುಖ ನೋಡಿದ, ಡಿಸ್ಕು ನೋಡಿದ. "ಅವ್ವ ಇದ್ರ ಇಷ್ಟೊತ್ತು ಸುಮ್ಮ ಇರತಿದ್ದಳೇನವಾ?"

ಹಿರಿಯರ ಡಿಸ್ಕು

ಹಿರಿಯಣ್ಣ ಬರಲೇ ಇಲ್ಲ. ಫೋನಿನಲ್ಲಿ ಗತ್ತು: "ಮನೀಗಿ ಬಂದು ಮರ್ಯಾದಿಲೇ ಕರದ್ರ ಬರತೀನಿ. ನಂದ ಇಲ್ಲದ ಅದು ಹೆಂಗ ಹಾಡತೈತಿ, ನಾನೂ ನೋಡತೀನಿ."

ಡಿಸ್ಕಿಗೆ ಆರತಿ ಎತ್ತುವ ಪದ್ಧತಿ ನನ್ನದಲ್ಲ. ಮೂರರಲ್ಲಿ ಒಂದು ಕೈಕೊಟ್ಟರೂ ಉಳಿದೆರಡು ಲೆಕ್ಕ ಹಾಕಿ ಎಲ್ಲವನ್ನೂ ಒಪ್ಪಿಸುವಂತೆ ನಾನೇ ಕೂರಿಸಿದ್ದೆ. ಆದರೆ ಇದ್ದ ಎರಡರಲ್ಲಿ ಒಂದು ನೆನೆದದ್ದು, ಇನ್ನೊಂದು ಕುಲುಕಿದ್ದು. ಇವುಗಳಲ್ಲೂ ಒಂದು ಹೋಗಿ ಹಿರಿಯಣ್ಣನೂ ಬಗ್ಗದಿದ್ದರೆ ತಾಯಿಯ ದನಿ ಹೋದ ಹಾಗೆಯೇ. ನೆನೆದದ್ದು ಚೆನ್ನಾಗಿ ಒಣಗಿದ ಮೇಲೆ ಎರಡನ್ನೂ ಹೊಸ ಪೆಟ್ಟಿಗೆಗೆ ಹಾಕಿ ಗುಂಡಿ ಒತ್ತಿದೆ. ಅಕ್ಕೋರು ಸೆರಗು ಕಚ್ಚಿಕೊಂಡು ನಿಂತರು. ಹಸಿರು ದೀಪ ಹತ್ತಿತು. ಬೀಸುಕಲ್ಲಿನ ಗುರುಗುರು, ಅದರ ಹಿಂದೆಯೇ ತಾಯಿಯ ದನಿ.

"ಮೊದಲು ಕಾಪಿ ಆಗಲಿ, ಆಮೇಲೆ ಅಳಿ" ಎಂದೆ. ಎಲ್ಲವನ್ನೂ ಬೇರೆ ಡಿಸ್ಕಿಗೆ ಇಳಿಸಿ ಅಕ್ಕೋರ ಕೈಗೆ ಕೊಟ್ಟೆ. ಕಿರಿಯವನು ಹಿರಿಯಣ್ಣನಿಗೆ ಫೋನ್ ಹಚ್ಚಿ ಹಾಡು ಕೇಳಿಸಿದ. ಹಿರಿಯಣ್ಣ ತಲೆಯ ಪಟಕಾ ಬಿಚ್ಚಿ ಅದರಲ್ಲಿ ಡಿಸ್ಕು ಸುತ್ತಿಕೊಂಡು ಮೋಟರ್‌ಸೈಕಲ್ ಮೇಲೆ ಬೆವರುತ್ತ ಬಂದ.

"ನಂದ ಬಿಟ್ಟು ಹೆಂಗ ಹಾಡಸಿದ್ರಿ? ಮದಲ ನಂದ ಹಾಕ್ರಿ!"

ಹಾಕಿದೆ. ಪರದೆಯ ಮೇಲೆ ಮೂಡಿದ್ದನ್ನು ಓದಿ ಹೇಳಿದೆ: "ಉಳಿದೆರಡು ಇದನ್ನು ಬಿಟ್ಟು ಮುಂದೆ ಹೋದದ್ದರಿಂದ ಇದು ಹಿಂದೆ ಬಿದ್ದಿದೆಯಂತೆ. ಗುಂಡಿ ಒತ್ತಿದರೆ ಇದನ್ನು ಪೂರ್ತಿ ಅಳಿಸಿ ಉಳಿದೆರಡರಿಂದ ತುಂಬಿಕೊಳ್ಳುತ್ತದೆ."

"ಅಂದ್ರ ತಮ್ಮಗೋಳ ಕಡಿಂದ ನಾ ತುಂಬಿಸಿಗೋಬೇಕೇನ್ರಿ?"

"ಹೌದು."

ಅಕ್ಕೋರು ನನ್ನನ್ನು ಕೇಳದೆ ಗುಂಡಿ ಒತ್ತಲು ಕೈ ಚಾಚಿದರು. ಹಿರಿಯಣ್ಣ ಅಡ್ಡ ಬಂದು ನಿಂತ.

"ತಡಿಯವಾ! ಸರ, ನಾ ಮನೀಗಿ ಹಿರ್ಯಾವ. ಅವರಿಬ್ಬರದೂ ಅಳಿಸಿ, ನನ್ನದರಿಂದ ತುಂಬೂಹಂಗ ಏನಾರ ಮಾಡಾಕ ಬರತೈತೇನ ನೋಡ್ರಿ!"