ಗುರುತು ಮರೆತ ಜೋಡಿ ಹಾರ್ಡ್ ಡಿಸ್ಕುಗಳಿಗೆ

ಮಾನ್ಯರೇ,

ಮಳವಳ್ಳಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮದುವೆ, ನಾಮಕರಣ, ಬೀಗರೂಟಗಳ ವೀಡಿಯೊ ತೆಗೆದು ಹೊಟ್ಟೆ ಹೊರೆಯುತ್ತಿರುವ ಶಿವರಾಜು ಎಂಬ ನಾನು, ನನ್ನದೇ ಮೇಜಿನ ಮೇಲಿನ ಕರಿ ಪೆಟ್ಟಿಗೆಯೊಳಗೆ ಅಕ್ಕಪಕ್ಕ ಆಸೀನರಾಗಿರುವ ತಮ್ಮಿಬ್ಬರ ಕ್ಷೇಮವನ್ನು ಮೊದಲು ವಿಚಾರಿಸುತ್ತಾ, ಫ್ಯಾನಿನ ಗಾಳಿ ಸಾಕಷ್ಟು ಬರುತ್ತಿದೆಯೆಂದು ನಂಬಿ, ತಲೆಬಾಗಿ ಈ ದೂರನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಬಹಿರಂಗವಾಗಿ ಏಕೆ ಬರೆಯುತ್ತಿದ್ದೇನೆಂದರೆ, ಮುಚ್ಚಿಟ್ಟು ಆಡಿದ ಮಾತುಗಳಿಂದ ನನ್ನ ಮರ್ಯಾದೆ ಈಗಾಗಲೇ ಮೂರಾಬಟ್ಟೆಯಾಗಿದೆ.

ತಮ್ಮನ್ನು ಕೊಳ್ಳುವಾಗ ಅಂಗಡಿಯವರು ಎರಡು ದಾರಿ ಹೇಳಿದ್ದರು. ಒಂದೇ ವೀಡಿಯೊವನ್ನು ಇಬ್ಬರಲ್ಲೂ ಪೂರ್ತಿಯಾಗಿ ಬರೆಸಿದರೆ ಒಬ್ಬರು ಕೈಕೊಟ್ಟರೂ ಇನ್ನೊಬ್ಬರು ಕಾಪಾಡುತ್ತಾರೆ. ಚೂರು ಚೂರು ಮಾಡಿ ಒಂದು ಚೂರು ಒಬ್ಬರಿಗೆ, ಮುಂದಿನದು ಇನ್ನೊಬ್ಬರಿಗೆ ಎಂದು ಹಂಚಿದರೆ ಕೆಲಸ ಎರಡರಷ್ಟು ಬೇಗ, ಆದರೆ ಒಬ್ಬರು ತಪ್ಪಿದರೂ ಇಬ್ಬರೂ ಸೊನ್ನೆ. ಅವಸರದ ಮನುಷ್ಯನಾದ ನಾನು ಎರಡನೆಯದನ್ನೇ ಆರಿಸಿದೆ. ಹೀಗೆ ವೇಗಕ್ಕೆಂದೇ ತಂದ ತಮ್ಮ ಹೊಟ್ಟೆಯಲ್ಲಿ ಪೂರಿಗಾಲಿಯ ವೀಣ ಎಂಬ ಹುಡುಗಿಯ ಮದುವೆಯ ವೀಡಿಯೊ ಹದಿನೇಳು ತಿಂಗಳು ನನ್ನ ಎಡಿಟಿಂಗಿಗಾಗಿ ಕಾದು ಕೂತಿತ್ತೆಂಬುದನ್ನು ತಾವು ಯಾರ ಮುಂದೆಯೂ ಬಾಯಿಬಿಡದಿದ್ದುದು ತಮ್ಮ ದೊಡ್ಡತನ.

ಅಷ್ಟರಲ್ಲಿ ವೀಣಳ ತಂದೆ ನಾಗಯ್ಯನವರು ತೀರಿಕೊಂಡರು. ಮನೆಯಲ್ಲಿ ಅವರದೆಂದು ಇರುವುದು ವೋಟರ್ ಕಾರ್ಡಿನಿಂದ ದೊಡ್ಡದು ಮಾಡಿಸಿದ ಒಂದೇ ಪಟ. ಅದರಲ್ಲಿ ಅವರು ಯಾರ ಮೇಲೋ ಕೇಸು ಹಾಕಲು ಹೊರಟವರಂತೆ ಕಾಣುತ್ತಾರೆ. ಅವರ ಹೆಂಡತಿ ಚಲುವಮ್ಮನವರಿಗೆ ಬೇಕಾಗಿದ್ದುದು ಮಗಳ ಧಾರೆ ಮುಗಿದ ಮೇಲೆ ಗಂಡ ನಕ್ಕ ನಗು. ತಿಥಿ ಕಳೆದ ಮಾರನೇ ವಾರದಿಂದ ಆಕೆ ಬಸ್ಸಿಳಿದು ಸೀದಾ ನನ್ನಲ್ಲಿಗೆ ಬಂದು, "ಏನಪ್ಪ ಸಿವ್ರಾಜು, ನಮ್ಮೆಜಮಾನ್ರು ಸಿಕ್ಕುದ್ರಾ?" ಎಂದು ಕೇಳುತ್ತಿದ್ದರು. "ಮುಂದಿನ್ವಾರ ಕಣಮ್ಮ" ಎಂದು ನಾನು ಹೇಳುತ್ತಿದ್ದೆ.

ಹೀಗಿರುವಾಗ ಆಯುಧಪೂಜೆ ಕಳೆದ ಸೋಮವಾರ ಕಂಪ್ಯೂಟರು ಹಾಕಿದರೆ, ಮದುವೆ, ನಾಮಕರಣ, ಇತರೆ ಎಂದು ನಾನು ಮಾಡಿಟ್ಟಿದ್ದ ಮೂರು ಪಾರ್ಟಿಷನ್ನುಗಳಲ್ಲಿ ಒಂದರ ಗುರುತೂ ತಮಗಿರಲಿಲ್ಲ. ಅವುಗಳ ಜಾಗದಲ್ಲಿ ಒಂದು ಬಟ್ಟಬಯಲನ್ನು ತೋರಿಸಿ, ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಲೇ ಎಂದು ಪರದೆಯ ಮೇಲೆ ಕೇಳಿದಿರಿ. ಮನೆಗೆ ಬೆಂಕಿ ಬಿದ್ದಾಗ ಉಳಿದ ತೊಲೆಯನ್ನೂ ಸುಟ್ಟುಬಿಡಲೇ ಎಂದು ಅಪ್ಪಣೆ ಕೇಳುವ ಇಂಥ ವಿನಯವನ್ನು ನಾನು ಬೇರೆ ಯಾರಲ್ಲಿಯೂ ಕಂಡಿಲ್ಲ. ಕೇಬಲ್ ಬದಲಿಸಿದೆ. ಹನ್ನೊಂದು ಸಲ ಆರಿಸಿ ಹಚ್ಚಿದೆ. ಮದ್ದೂರಿನ ಗೆಳೆಯನ ಕಂಪ್ಯೂಟರಿಗೆ ಸಿಕ್ಕಿಸಿದೆ. ಅಲ್ಲಿಯೂ ತಾವು ಅದೇ ಬಯಲನ್ನು ತೋರಿಸಿ ಮಾತಿಗೆ ತಪ್ಪದವರೆನಿಸಿಕೊಂಡಿರಿ. ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆಂದು ಇಂಟರ್ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮರು ಬರೆದಿದ್ದರು. ಮೊಸರಿನ ಪಾತ್ರೆ ಜರುಗಿಸಲು ನನ್ನ ಹೆಂಡತಿ ಒಪ್ಪದಿದ್ದರಿಂದ ತಾವು ಪಾರಾದಿರಿ. ಕೊನೆಗೆ ತಲೆಕೆಟ್ಟು, ಆದದ್ದಾಗಲಿ ಎಂದು ಫಾರ್ಮ್ಯಾಟಿಗೆ 'ಹೌದು' ಒತ್ತಲು ಬೆರಳಿಟ್ಟಾಗ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾದರೂ ಬದಲಿಸದ ನನ್ನ ಸೋಮಾರಿತನ ಜೀವಮಾನದಲ್ಲಿ ಒಮ್ಮೆ ಉಪಕಾರಕ್ಕೆ ಬಂದದ್ದು ಆಗಲೇ.

ಆದ್ದರಿಂದ ತಮ್ಮಲ್ಲಿ ವಿನಂತಿಸಿಕೊಳ್ಳಬೇಕೆಂದಿದ್ದೆ: ಎಲ್ಲವನ್ನೂ ಜ್ಞಾಪಿಸಿಕೊಳ್ಳಲಾಗದಿದ್ದರೆ ಬೇಡ, ನಾಗಯ್ಯನವರ ಮುಖವನ್ನಷ್ಟೇ ಎಡಭಾಗ ಒಬ್ಬರು, ಬಲಭಾಗ ಒಬ್ಬರು ನೆನಪಿನಿಂದ ಬರೆದುಕೊಡಿ, ಅದೂ ಆಗದಿದ್ದರೆ ಮುಂದಿನ ಸಲ ಚಲುವಮ್ಮನವರು ಬಂದಾಗ ಮೇಜಿನಿಂದಿಳಿದು ತಾವೇ ಎದುರು ಹೋಗಿ ಸಮಾಧಾನ ಹೇಳಿ, ಏಕೆಂದರೆ ಡಿಸ್ಕು ಸರ್ವಿಸಿಗೆ ಹೋಗಿದೆ ಎಂಬ ನನ್ನ ಸುಳ್ಳನ್ನು ಆಕೆ ನಂಬುತ್ತಿದ್ದ ರೀತಿಯನ್ನು ನನಗೆ ನೋಡಲಾಗುತ್ತಿರಲಿಲ್ಲ.

ಆ ವಿನಂತಿ ಕಳಿಸುವ ಮೊದಲು, ಸುಳ್ಳನ್ನು ನಿಜ ಮಾಡಲೆಂದು, ತಮ್ಮನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮಂಡ್ಯದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಶಾಲಿನಿಯವರ ಬಳಿಗೆ ಒಯ್ದೆ. ಆಕೆ ಪೆಟ್ಟಿಗೆ ತೆರೆದು, ತಮ್ಮನ್ನು ಹೊರಗೆಳೆದು, ನನ್ನ ಮುಖವನ್ನೊಮ್ಮೆ ನೋಡಿ, "ಅಣ್ಣ, ನಂಬರಿನ ಮೇಲೇ ಕುಂಕುಮ ಬಳ್ದಿದೀರಲ್ಲ" ಎಂದರು. ಮಾನ್ಯರೇ, ತಾವು ಮರೆಯಲಾರಿರಿ: ಪೂಜೆಯ ದಿನ ಕ್ಯಾಮೆರಾ, ಸ್ಟ್ಯಾಂಡುಗಳ ಜೊತೆಗೆ ತಮ್ಮನ್ನೂ ಪೆಟ್ಟಿಗೆಯಿಂದ ಇಳಿಸಿ, ಒರೆಸಿ, ಒಂದು, ಎರಡು ಎಂದು ಬರೆದಿದ್ದ ಚೀಟಿಗಳ ಮೇಲೆಯೇ ವಿಭೂತಿ, ಕುಂಕುಮ ಹಚ್ಚಿ, ಕಾಯಿ ಒಡೆದು, ಭಕ್ತಿಯಿಂದ ಕಣ್ಣೊರೆಸಿಕೊಂಡು ಮತ್ತೆ ಒಳಗೆ ಸೇರಿಸಿದವನು ನಾನು. ಒಂದನೆಯವರ ಜಾಗಕ್ಕೆ ಎರಡನೆಯವರು ಹೋಗಿದ್ದರು. ಚೂರುಗಳ ಸರದಿಯೇ ತಿರುವುಮುರುವಾಗಿತ್ತು. ಶಾಲಿನಿ ಒದ್ದೆ ಹತ್ತಿಯಿಂದ ಚೀಟಿ ಒರೆಸಿ ಅದಲುಬದಲು ಮಾಡಿದ್ದೇ ತಡ, ಮೂರೂ ಪಾರ್ಟಿಷನ್ನುಗಳು ಏನೂ ಆಗಿಲ್ಲವೆಂಬಂತೆ ಬಂದು ಕೂತವು.

ಮರುದಿನ ಚಲುವಮ್ಮನವರನ್ನು ಕರೆಸಿ, ಕುರ್ಚಿ ಹಾಕಿ, ಧಾರೆಯಾದ ಮೇಲಿನ ಭಾಗವನ್ನು ಹಚ್ಚಿದೆ. ನಾಗಯ್ಯನವರ ಬೆನ್ನು ಕಾಣಿಸಿತು. ಅವರು ತಿರುಗುವ ಹೊತ್ತಿಗೆ ಚಿತ್ರ ಜೋಲಿ ಹೊಡೆದು, ಪರದೆ ತುಂಬ ಶಾಮಿಯಾನದ ಕೆಂಪು ಜಮಖಾನ, ಪಂಚೆಯ ಅಂಚು, ಎರಡು ಬರಿಗಾಲು. ಅವರ ಗಟ್ಟಿ ನಗು ಕೇಳಿಸಿತು. ಹಿಂದೆಯೇ ಮಾತು: "ಬೆಳಗ್ಗಿಂದ ನಿಂತಿದ್ದೀಯಲ್ಲಾ, ಓಗ್ಲಾ, ಮೊದ್ಲು ಉಣ್ಣೋಗು. ನನ್ ಮೊಕ ಎಲ್ಲೋದದು?" ಹಸಿವಿಗೆ ಆಗಲೇ ಕ್ಯಾಮೆರಾ ಇಳಿಸಿದ್ದ ನಾನು ಆ ಮಾತು ಕೇಳಿದ್ದೇ, ನಿಲ್ಲಿಸುವುದನ್ನೂ ಮರೆತು, ಪಂಕ್ತಿಗೆ ಓಡಿದ್ದೆ. ತಾವು ನಾನು ಕೊಟ್ಟದ್ದನ್ನೆಲ್ಲ ಒಂದು ಚೂರೂ ಬಿಡದೆ ಕಾದಿದ್ದಿರಿ. ಆ ನಗುವ ಮುಖವನ್ನು ನಾನು ಕೊಟ್ಟೇ ಇರಲಿಲ್ಲ.

"ಮೊಕ ಇಲ್ಲ ಕಣಮ್ಮ, ನಾನೇ ತೆಗ್ದಿಲ್ಲ, ತಪ್ಪಾಯ್ತು" ಎಂದೆ. ಎಷ್ಟೋ ತಿಂಗಳ ಮೇಲೆ ಆಕೆಗೆ ಹೇಳಿದ ಮೊದಲ ನಿಜ ಅದು. ಆಕೆ ಸೆರಗಿನಿಂದ ಮೂಗೊರೆಸಿಕೊಂಡು, "ಮೊಕ ನಂಗೊತ್ತಿಲ್ವಾ? ಇನ್ನೊಂದ್ಸಲ ಆಕಪ್ಪ" ಎಂದರು. ಆರು ಸಲ ಹಾಕಿಸಿಕೊಂಡರು. ಆಮೇಲೆ ನನ್ನ ಕಡೆಗೆ ತಿರುಗಿ, "ಆವತ್ತು ಒಟ್ಟೆ ತುಂಬ ಉಂಡ್ಯೇನಪ್ಪ?" ಎಂದು ಕೇಳಿದರು.

ಮೇಲ್ಕಂಡ ದೂರನ್ನು ಪೂರ್ತಿಯಾಗಿ ಹಿಂತೆಗೆದುಕೊಂಡಿರುತ್ತೇನೆ.

ಇಂತು ತಮ್ಮ ಪಕ್ಕದ ಕುರ್ಚಿಯಲ್ಲೇ ತಪ್ಪೊಪ್ಪಿಕೊಂಡು ಕೂತಿರುವ,
ತಮ್ಮ ವಿಶ್ವಾಸಿ,
ಶಿವರಾಜು, ಮಳವಳ್ಳಿ

ವಿ.ಸೂ.: ಆ ವೀಡಿಯೊವನ್ನು ಅಂದೇ ಪೆನ್‌ಡ್ರೈವಿಗೆ ಹಾಕಿ ಚಲುವಮ್ಮನವರ ಕೈಗೆ ಕೊಟ್ಟೆ. ಎಷ್ಟು ಹೊತ್ತು ಹಿಡಿಯಿತೆಂದು ದಯವಿಟ್ಟು ಯಾರಿಗೂ ಹೇಳಬೇಡಿ. ಒಂಬತ್ತು ನಿಮಿಷ.