ಶಮೀಮ್ ಬಾನು ತಿದ್ದಿದ ಆರು ಸಾಲು

ಇನ್ನೊಬ್ಬರು ಬರೆದದ್ದರಲ್ಲಿ ತಪ್ಪು ಸಿಕ್ಕರೆ ನನಗೆ ಒಳಗೊಳಗೇ ಖುಷಿಯಾಗುತ್ತದೆ. ಇದು ಒಳ್ಳೆಯ ಗುಣವಲ್ಲ ಎಂದು ಗೊತ್ತು. ಆದರೆ ರಾಣೆಬೆನ್ನೂರಿನ ನಮ್ಮ ತೂಕದ ಯಂತ್ರಗಳ ಕಂಪನಿಯಲ್ಲಿ ನನ್ನ ಕೆಲಸವೇ ಅದು. ಯಂತ್ರ ತೋರಿಸುವ ತೂಕವನ್ನು ಯುಎಸ್‌ಬಿ ಕೇಬಲ್ ಮೂಲಕ ಕಂಪ್ಯೂಟರಿಗೆ ಮುಟ್ಟಿಸುವ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಅದನ್ನು ಯಾರೇ ತಿದ್ದಿದರೂ ನಾನು ಓದಿ ಒಪ್ಪಬೇಕು. "ಡ್ರೈವರ್ ನೋಡ್ಕೊಂತೇನಿ" ಎಂದಾಗಿನಿಂದ ನಮ್ಮ ಓಣಿಯವರು ನನ್ನನ್ನು ಬಸ್ಸಿನ ವೇಳೆ ಕೇಳುತ್ತಾರೆ.

ಹೋದ ತಿಂಗಳು ಶಮೀಮ್ ಬಾನು ಒಂದು ತಿದ್ದುಪಡಿ ಕಳಿಸಿದರು. ಅವರು ಹಾವೇರಿಯಲ್ಲಿ ಹದಿನೈದು ವರ್ಷ ಟಿವಿ ರಿಪೇರಿ ಮಾಡಿ, ಆಮೇಲೆ ಕೋಡ್ ಕಲಿತು ನಮ್ಮಲ್ಲಿಗೆ ಬಂದವರು. ಹನ್ನೊಂದು ಸಾಲು ತೆಗೆದು ಆರು ಸಾಲು ಬರೆದಿದ್ದರು. ಮಧ್ಯಾಹ್ನದವರೆಗೆ ಹುಡುಕಿದರೂ ಒಂದು ತಪ್ಪೂ ಸಿಗಲಿಲ್ಲ. ಊಟ ಸೇರಲಿಲ್ಲ. ಕೊನೆಗೆ, "ತೂಕ ಪೂರ್ತಿ ಬರುವವರೆಗೆ ಕಾಯುವುದೇಕೆ? ನಿಧಾನವಾಗುವುದಿಲ್ಲವೇ?" ಎಂದು ಬರೆದು ಕಳಿಸಿದೆ.

ಅವರು ನನ್ನ ಟೇಬಲ್ಲಿನ ಹತ್ತಿರವೇ ಬಂದರು. "ಸರ್, ಇದು ಕುಂತು ತಿಳಿಯೂದಲ್ಲ. ನಾಳೆ ಬ್ಯಾಡಗಿ ಮಾರ್ಕೆಟ್ಟಿಗೆ ಬರ್ರಿ."

ಮೆಣಸಿನಕಾಯಿ ಮಾರುಕಟ್ಟೆಯೊಳಗೆ ಕಾಲಿಟ್ಟ ಕೂಡಲೇ ನನಗೆ ಸೀನು ಹತ್ತಿತು. ತೂಕ ಮಾಡುವ ನಿಂಗಪ್ಪ ಚೀಲವೊಂದನ್ನು ನಮ್ಮ ಯಂತ್ರದ ಮೇಲೆ ಇಡಿಸಿದ. ಯಂತ್ರ ನಲವತ್ತೆರಡು ಕಿಲೋ ತೋರಿಸಿತು. ಹಳೆಯ ಡ್ರೈವರ್ ಇದ್ದ ಕಂಪ್ಯೂಟರ್ ತೋರಿಸಿದ್ದು ನಾಲ್ಕು.

ಚೀಲದ ಒಡತಿ, ಮೇಡ್ಲೇರಿ ಕಡೆಯ ಹೆಂಗಸು, ಪರದೆಯನ್ನೂ ನನ್ನನ್ನೂ ನೋಡಿ, "ನಾಕ ಕಿಲೋ ಎತ್ತಾಕ ಇಬ್ಬರು ಬೇಕಾತೇನ್ರಿ?" ಎಂದಳು. ನಾನು ಸೀನಿದೆ.

"ದಿನಾ ಹತ್ತು ಸಲ ಹಿಂಗ ಆಕ್ಕೈತ್ರಿ," ಎಂದ ನಿಂಗಪ್ಪ. "ನಾ ಕಣ್ಣಿಟ್ಟು ನೋಡಿ ಕೈಲೇ ಬರ್ಕೊಂತೇನಿ. ನಾ ನೋಡದಿದ್ದರ ಈ ಅಕ್ಕನ ಮಾಲು ಹೋತು."

ಕೇಬಲ್ಲಿನಲ್ಲಿ ಅಂಕಿಗಳು ತುಂಡುತುಂಡಾಗಿ ಬರುತ್ತವೆ; ನಲವತ್ತೆರಡರಲ್ಲಿ ನಾಲ್ಕು ಮೊದಲು, ಎರಡು ಆಮೇಲೆ. ಹಳೆಯ ಡ್ರೈವರ್ ಮೊದಲ ತುಂಡನ್ನೇ ಇಡೀ ತೂಕವೆಂದು ನಂಬಿಬಿಡುತ್ತಿತ್ತು. ಶಮೀಮ್ ಬಾನು ತಮ್ಮ ಡ್ರೈವರ್ ಹಾಕಿ ಮೂವತ್ತು ಚೀಲ ತೂಗಿಸಿದರು. ಮೂವತ್ತೂ ಸರಿ ಬಂದವು. ಮೂವತ್ತೊಂದನೆಯದನ್ನು ತೂಗುವಾಗ ಬೇಕಂತಲೇ ಕೇಬಲ್ ಕಿತ್ತರು. ಪರದೆಯ ಮೇಲೆ ಯಾವ ಅಂಕಿಯೂ ಇಲ್ಲ, 'ತೂಕ ಬಂದಿಲ್ಲ' ಎಂದಷ್ಟೇ ಇತ್ತು.

"ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನಬೇಕ್ರಿ ಸರ್. ಸುಳ್ಳು ಅಂಕಿ ಹೇಳಬಾರದು," ಎಂದರು ಮೆಲ್ಲಗೆ. ಈ ಮಾತನ್ನು ನನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ಯಾವ ತರಬೇತಿಯಲ್ಲೂ ಕೇಳಿರಲಿಲ್ಲ. ಅವರು ಈ ಮಾರುಕಟ್ಟೆಯಲ್ಲಿ ನಾಲ್ಕು ದಿನ ಕೂತು, ತಪ್ಪಿದ ಪ್ರತಿ ತೂಕವನ್ನೂ ಬರೆದುಕೊಂಡಿದ್ದರೆಂದು ನಿಂಗಪ್ಪ ಆಮೇಲೆ ಹೇಳಿದ.

ಮರಳುವಾಗ ಬಸ್ಸಿನಲ್ಲಿ, "ಆ ಹಳೇ ಸಾಲು ಯಾವ ಪುಣ್ಯಾತ್ಮ ಬರದಾನ, ನೋಡೀರೇನ್ರಿ?" ಎಂದೆ.

"ನೋಡೇನ್ರಿ." ಅವರು ಕಿಟಕಿಯ ಕಡೆ ತಿರುಗಿದರು. "ಅವರಿಗೆ ಅವತ್ತು ಏನೋ ಅವಸರ ಇದ್ದಿರಬೇಕು, ಬಿಡ್ರಿ."

ಆಫೀಸಿಗೆ ಬಂದು, ಯಾವ ಸಾಲು ಯಾರು ಬರೆದದ್ದೆಂಬ ದಾಖಲೆ ತೆಗೆದೆ. ಹೆಸರು ನನ್ನದೇ ಇತ್ತು. ತಿದ್ದುಪಡಿಗೆ ಒಪ್ಪಿಗೆ ಒತ್ತಿದೆ. ಸಂಜೆ ಮಾಲೀಕರು ಎಲ್ಲರೆದುರು, "ಮಾರ್ಕೆಟ್ಟಿಗೇ ಹೋಗಿ ಪರೀಕ್ಷೆ ಮಾಡಿ ಬಂದಾರ, ಹಿರಿಯರಂದ್ರ ಹಿಂಗಿರಬೇಕು," ಎಂದು ನನ್ನನ್ನು ಹೊಗಳಿದರು. ಶಮೀಮ್ ಬಾನು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು, ನಿಜ ಹೇಳಬೇಕೆಂದು ಬಾಯಿ ತೆರೆದು, ಎಲ್ಲರಿಗೂ ನಮಸ್ಕಾರ ಮಾಡಿ ಕೂತೆ.