ವೈನಿಯ ಮೂಗು ಮತ್ತು ಫ್ರೆಂಚ್ ಬಾಟಲಿಗಳು

ಜಗತ್ತಿನ ಅತ್ಯಂತ ದುಬಾರಿ ಸುಗಂಧಗಳನ್ನೆಲ್ಲ ಸಾಲಾಗಿ ಮೂಸಿ, "ಒಂದಕ್ಕೂ ವಾಸನೀನ ಇಲ್ಲ" ಎಂದು ತೀರ್ಪು ಕೊಟ್ಟ ಮಹಿಳೆ ಈ ಹೈದರಾಬಾದಿನಲ್ಲಿ ಒಬ್ಬರೇ ಇದ್ದಾರೆ. ಅವರು ನಮ್ಮ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ. ತೀರ್ಪಿನ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ. ಕುಷಾಯಿಗೂಡದ ಆ ಮನೆಯಲ್ಲಿ ಅಣ್ಣನಿಗೇ ಸಿಗದ ಅವಕಾಶ ಫ್ರಾನ್ಸ್ ದೇಶಕ್ಕೆ ಎಲ್ಲಿಂದ ಸಿಗಬೇಕು!

ಆದರೆ ಆ ಮೂಗಿನ ಪೂರ್ವಚರಿತ್ರೆ ತಿಳಿಯದೆ ಯಾರೂ ನಗಬಾರದು. ನಾಳೆ ಒಡೆಯಲಿರುವ ಹಾಲನ್ನು ಇಂದೇ ಗುರುತಿಸಿದ ಮೂಗು ಅದು. ಮೇಲಿನ ಮನೆಯ ತೆಲುಗಿನವರು ಬೆಣ್ಣೆ ಕೊಂಡರೆ ಮೊದಲು ವೈನಿಯ ಮುಂದೆ ಹಿಡಿದು, ಅವರ ಮುಖ ನೋಡಿ, ಆಮೇಲೆ ಮಾರುವವನ ಜೊತೆ ಜಗಳಕ್ಕೆ ಇಳಿಯುತ್ತಿದ್ದರು.

ಇದೆಲ್ಲ ಸಣ್ಣ ಪುಟ್ಟ ಕೇಸುಗಳು. ಆ ಮೂಗಿನ ನಿಜವಾದ ಅಧಿಕಾರ ನಡೆಯುತ್ತಿದ್ದದ್ದು ಶ್ರಾವಣದಲ್ಲಿ, ರಾಯರ ಆರಾಧನೆಯ ದಿನ. ನಮ್ಮದು ಮಡಿಯ ಮನೆತನ. ನೈವೇದ್ಯ ಆಗುವ ತನಕ ಅಡುಗೆಯನ್ನು ಯಾರೂ ನಾಲಿಗೆಗೆ ಮುಟ್ಟಿಸುವಂತಿಲ್ಲ, ಬಗ್ಗಿ ಮೂಸುವಂತೆಯೂ ಇಲ್ಲ. ಹಾಗಾದರೆ ಸಾರು ಹದಕ್ಕೆ ಬಂತೆಂದು ತಿಳಿಯುವುದು ಹೇಗೆ? ಇದಕ್ಕೆ ವೈನಿ ತಮ್ಮದೇ ಒಂದು ಶಾಸ್ತ್ರಾರ್ಥ ಮಾಡಿಕೊಂಡಿದ್ದರು. ನಾವಾಗಿ ಹೋಗಿ ಮೂಸಿದರೆ ದೋಷ. ವಾಸನೆ ತಾನಾಗಿ ನಡೆದು ಬಂದರೆ ಅದು ಅತಿಥಿ. ಅತಿಥಿಯನ್ನು ಬಾಗಿಲಲ್ಲಿ ನಿಲ್ಲಿಸಲಾದೀತೇ? ಹಾಗಾಗಿ ಒಲೆಯ ಮುಂದೆ ಗದ್ದ ಎತ್ತಿ, ಧ್ವಜವಂದನೆಯ ಭಂಗಿಯಲ್ಲಿ ನಿಂತು, ಅವರು ಅತಿಥಿಗಾಗಿ ಕಾಯುತ್ತಿದ್ದರು. ಬಂಧುಬಳಗವೆಲ್ಲ ಉಣ್ಣುವ ಆ ಊಟ ಒಂದು ವರ್ಷವೂ ಹದ ತಪ್ಪಿದ್ದಿಲ್ಲ.

ಕಳೆದ ಚಳಿಗಾಲದಲ್ಲಿ ವೈನಿಗೆ ಜ್ವರ ಬಂತು. ಹೋಗುವಾಗ ಮೂಗಿನೊಳಗಿದ್ದುದನ್ನೆಲ್ಲ ಹೊತ್ತುಕೊಂಡು ಹೋಯಿತು. ಒಗ್ಗರಣೆ ಹೊತ್ತಿ ಮನೆಯೆಲ್ಲ ಹೊಗೆ. ವೈನಿ ಅದರ ನಡುವೆ ನಿಂತು ನಿಶ್ಚಿಂತೆಯಿಂದ ಕೊತ್ತಂಬರಿ ಹೆಚ್ಚುತ್ತಿದ್ದರು. ಇದನ್ನು ಕಂಡ ನನ್ನ ಹೆಂಡತಿ ಒಳ್ಳೆಯ ಮನಸ್ಸಿನಿಂದಲೇ, "ಅಕ್ಕಾ, ಈ ಸಲ ಆರಾಧನಿಗೆ ಅಡಿಗಿಯವರನ್ನ ಕರಸೋಣೇನ್ರಿ?" ಎಂದಳು. ವೈನಿ ಉತ್ತರ ಕೊಡಲಿಲ್ಲ. ಮದುವೆಯಾಗಿ ಬಂದಂದಿನಿಂದ ಉತ್ತರ ಬಾಕಿ ಇಟ್ಟುಕೊಂಡವರಲ್ಲ ಅವರು! ನನಗೆ ಹೆದರಿಕೆಯಾದದ್ದು ಆಗಲೇ.

ಡಾಕ್ಟರು, "ದಿನಾಲೂ ಲವಂಗ, ನಿಂಬೆ ಮೂಸಿ, ಮೂಗು ನಿಧಾನವಾಗಿ ಕಲಿಯುತ್ತದೆ" ಎಂದರು. ವೈನಿ ಮೂಸಿದರು. ಮೂಗು ಕಲಿಯಲಿಲ್ಲ. ಒಂದು ಬೆಳಿಗ್ಗೆ ನನಗೆ ಫೋನು ಬಂತು.

"ತಮ್ಮಾ, ದಿನಾ ನೋಡೋ ಲವಂಗಕ್ಕ ಮೂಗು ಯಾಕ ಎದ್ದು ನಿಂತೀತು ಹೇಳು? ದೊಡ್ಡ ಮಂದಿ ಬಂದ್ರ ನಿಲ್ಲತೈತಿ. ಆ ಮಾಲ್‌ನ್ಯಾಗ ಭಾಳ ದುಬಾರಿ ಸೆಂಟ್ ಇಟ್ಟಿರ್ತಾರಂತ. ಪುಕ್ಕಟೆ ಮೂಸಾಕ ಕೊಡ್ತಾರಂತ. ಹೊರಡು."

ಊದಿನಕಡ್ಡಿಯ ಹೆಸರು ಹೇಳಿದರೆ ಸೀನುವ ಅಣ್ಣ ಈ ಕೆಲಸಕ್ಕೆ ಅನರ್ಹ. ನಾನು ನಾಂಪಲ್ಲಿಯ ಸರ್ಕಾರಿ ಕಚೇರಿಯಿಂದ ನಿವೃತ್ತನಾಗಿ ಮೆಹದಿಪಟ್ಟಣಂನಲ್ಲಿ ಖಾಲಿ ಕುಳಿತವನು. ಮೂಗನ್ನು ಅಂದಿನವರೆಗೆ ಕನ್ನಡಕ ಇಡಲು ಮಾತ್ರ ಬಳಸಿದವನು. ನನ್ನ ಕರ್ತವ್ಯವನ್ನು ವೈನಿ ಮೊದಲೇ ವಿಧಿಸಿದ್ದರು: ಅವರು ಮೂಸಬೇಕು, ನಾನೂ ಮೂಸಬೇಕು, ಮೂಸಿದ್ದು ಹೇಗಿದೆಯೆಂದು ಬಾಯಿಬಿಟ್ಟು ಹೇಳಬೇಕು. "ಮೂಗಿಗೆ ದಾರಿ ತೋರಸಾಕ ಒಬ್ರು ಬೇಕಲ್ಲೋ!"

ಬಂಜಾರಾ ಹಿಲ್ಸ್‌ನ ಆ ಮಳಿಗೆಯಲ್ಲಿ ಹೆಂಗಸರ ಸುಗಂಧಕ್ಕೇ ಒಂದು ಗೋಡೆ ಮೀಸಲು. ಬಾಟಲಿಗಳ ಮೇಲಿನ ಹೆಸರುಗಳಲ್ಲಿ ಅರ್ಧ ಅಕ್ಷರಗಳು ಅಲಂಕಾರಕ್ಕಂತೆ, ಉಚ್ಚರಿಸುವಂತಿಲ್ಲ. ಒಂದು ಬಾಟಲಿ ಬಾಗಿಲ ಹಿಡಿಯಂತೆ, ಇನ್ನೊಂದು ಶಸ್ತ್ರಚಿಕಿತ್ಸೆಯ ಉಪಕರಣದಂತೆ. ಕಪ್ಪು ಸಮವಸ್ತ್ರದ ಹುಡುಗಿಯೊಬ್ಬಳು ಕಾಗದದ ಪಟ್ಟಿಗೆ ಸಿಂಪಡಿಸಿ, ಹಿಂದಿಯಲ್ಲಿ ವಿವರಿಸಿದಳು: ಈಗ ಬರುವ ವಾಸನೆ ಒಂದು, ಅರ್ಧ ಗಂಟೆ ಬಿಟ್ಟು ಬರುವುದು ಇನ್ನೊಂದು, ಸಂಜೆ ಉಳಿಯುವುದೇ ಮೂರನೆಯದು. ನನಗೆ ತಲೆ ತಿರುಗಿತು. ಬೆಳಿಗ್ಗೆ ಒಂದು ಮಾತು, ಮಧ್ಯಾಹ್ನ ಒಂದು, ಸಂಜೆ ಮತ್ತೊಂದು! ಇಂಥ ಮೇಲಧಿಕಾರಿಯೊಬ್ಬರ ಕೈಕೆಳಗೆ ನಾನು ಕೆಲಸ ಮಾಡಿದ್ದೆ. ಅವರನ್ನು ಯಾರೂ ಬಾಟಲಿಗೆ ತುಂಬಿರಲಿಲ್ಲ.

"ಹೇಳೋ, ಹೆಂಗೈತಿ?"

"ವೈನಿ… ಮಳೆಗಾಲದಾಗ ಒಣಗದ ಟವೆಲ್ ಬಾಜೂಕ ಕೂತು ಯಾರೋ ಕಿತ್ತಳೆ ಸುಲದಂಗ ಐತ್ರಿ."

ವೈನಿ ಕಣ್ಣು ಮುಚ್ಚಿದರು. ಟವೆಲ್ಲನ್ನು ಹುಡುಕಿದರು, ಕಿತ್ತಳೆಯನ್ನು ಹುಡುಕಿದರು. "ಇಲ್ಲ. ಮುಂದಿಂದು."

ಮುಂದಿನದು ಬೇಕರಿ. ಶುದ್ಧ ಬೇಕರಿ! ಇಷ್ಟು ದುಡ್ಡು ಸುರಿದು ಹೆಂಗಸರು ಬನ್ನಿನ ಹಾಗೆ ಏಕೆ ಘಮಘಮಿಸಬೇಕೋ ನನಗೆ ಇಂದಿಗೂ ಅರ್ಥವಾಗಿಲ್ಲ. ಅದರ ಮುಂದಿನದು ಸುಣ್ಣ ಹೊಡೆದ ಗೋಡೆಗೆ ಗುಲಾಬಿ ಒರೆಸಿದಂತೆ. ಆಮೇಲೆ ಎಲ್ಲಕ್ಕಿಂತ ದುಬಾರಿಯದು ಬಂತು. ಹುಡುಗಿ ಅದನ್ನು ತೀರ್ಥದಂತೆ ಎರಡು ಕೈಯಲ್ಲಿ ಹಿಡಿದು ತಂದಳು. ಮೂಸಿದೆ. ಗೊಂದಲ ಒಂದು ಕ್ಷಣಕ್ಕೆ ಹರಿಯಿತು.

"ವೈನಿ, ಇದು ಚಾರ್‌ಮಿನಾರ್ ಹಂತ್ಯಾಕ ಅತ್ತರ ಅಂಗಡಿ ಮುಂದ ನಿಂತಂಗ ಐತ್ರಿ."

"ಅದಕ್ಕ ಫ್ರಾನ್ಸಿಗೆ ಹೋಗಿ ಬರಬೇಕಾಗಿತ್ತೇನು ಅದು?"

ಪಕ್ಕದಲ್ಲಿ ಸಿರಿವಂತೆಯೊಬ್ಬಳು ಅದನ್ನೇ ಕೊಳ್ಳಲು ಕೈಯಲ್ಲಿ ಹಿಡಿದಿದ್ದಳು. ವೈನಿ ಪರೋಪಕಾರ ಬುದ್ಧಿಯಿಂದ ಅವಳ ಕಡೆ ತಿರುಗಿ, "ಇಸ್ಮೇಂ ಕುಛ್ ನಹೀಂ ಹೈ ಬೇಟಾ, ಪಾನೀ ಹೈ" ಎಂದು, ಅದು ಬರೀ ನೀರೆಂದು ಸಾರಿದರು. ಆಕೆ ಬಾಟಲಿಯನ್ನು ಇಳಿಸಿ ಹೊರಟೇಹೋದಳು.

ಹುಡುಗಿಯ ಮುಖ ಬಾಡಿತು. ಆದರೂ ಸಂಯಮ ಬಿಡದೆ, ಮೂಗನ್ನು ಹಗುರ ಮಾಡಿಕೊಳ್ಳಲಿ ಎಂದು ಒಂದು ಬಟ್ಟಲು ಕಾಫಿ ಬೀಜ ಮುಂದೆ ಹಿಡಿದಳು. ವೈನಿ ಉಪಚಾರವೆಂದು ತಿಳಿದು ಎರಡು ಬೀಜ ಬಾಯಿಗೆ ಹಾಕಿಕೊಂಡು ಕಟಂ ಎಂದು ಕಡಿದರು. ಹೊರಗೆ ನಾವು ಯಾವಾಗಲೂ ಹಿಂದಿ, ಇಲ್ಲವೇ ತೆಲುಗು. ಕನ್ನಡವೆಂದರೆ ನಮಗೆ ಕಿವಿಯಲ್ಲಿ ಹೇಳುವ ಗುಟ್ಟು. ಆ ಧೈರ್ಯದ ಮೇಲೆ ವೈನಿ ಏರುದನಿಯಲ್ಲಿ, "ಸಕ್ಕರಿನೂ ಇಲ್ಲ, ಹಾಲೂ ಇಲ್ಲ, ಎಂಥ ಮಂದೀನೋ ಇವ್ರು! ಈ ಹುಡುಗಿ ನೋಡು, ಹುಬ್ಬು ಇದ್ದಲಿಲೆ ಗೀಚಿದಂಗ ಬರಕೊಂಡೈತಿ. ಪಾಪ, ನನ್ನ ಮೂಗು ಸತ್ತೈತಿ ಅಂತ ಅದಕ್ಕೇನು ಗೊತ್ತು" ಎಂದರು.

ಹುಡುಗಿ ಬಟ್ಟಲನ್ನು ಕೆಳಗಿಟ್ಟಳು.

"ಅಮ್ಮಾರ, ನಂದೂ ಕನ್ನಡಾನ ಐತ್ರಿ, ಊರು ಯಾದಗಿರಿ. ಹುಬ್ಬು ಹಿಂಗ ಬರಕೋ ಅಂತ ಅಂಗಡಿಯವರ ಹೇಳ್ಯಾರ್ರಿ."

ನಾನು ನೆಲ ಬಾಯ್ತೆರೆಯಲಿ ಎಂದು ಕಾದೆ. ಅಮೃತಶಿಲೆಯ ನೆಲ, ತೆರೆಯಲಿಲ್ಲ. ವೈನಿ ಮಾತ್ರ ಮುಖಭಾವ ಬದಲಿಸದೆ, "ಮೊದಲ ಹೇಳಬಾರದೇನವ್ವಾ? ಯಾರ ಪೈಕಿ ನೀ?" ಎಂದು ವಿಚಾರಣೆಗೆ ಕುಳಿತರು. ಆ ಹುಡುಗಿ ಅಂದಿನಿಂದ ನಮ್ಮ ಪಕ್ಷ ಸೇರಿದಳು. ನಾವು ಹೋದಾಗಲೆಲ್ಲ ಪಟ್ಟಿಗಳನ್ನು ಪುಟ್ಟ ಲಕೋಟೆಗಳಲ್ಲಿ ಹಾಕಿ, "ಮನ್ಯಾಗೂ ಮೂಸ್ರಿ ಅಮ್ಮಾರ, ಬರತೈತಿ" ಎಂದು ಕಳಿಸುತ್ತಿದ್ದಳು.

ಅಲ್ಲಿಂದ ಬಸ್ಸಿನಲ್ಲಿ ಹಿಂದಿರುಗುವ ನನ್ನ ಅವಸ್ಥೆಯನ್ನು ಯಾರೂ ಕೇಳಬಾರದು. ಕಾಗದದ ಪಟ್ಟಿ ಸಾಲದೆ ನನ್ನ ಮೈಮೇಲೂ ಸಿಂಪಡಿಸಿಕೊಂಡ ಸುಗಂಧಗಳು: ಎಡತೋಳಿನಲ್ಲಿ ಒಬ್ಬ ರಾಣಿ, ಬಲತೋಳಿನಲ್ಲಿ ಒಬ್ಬ ನಟಿ, ಕಾಲರಿನಲ್ಲಿ ಬೇಕರಿ. ಪಕ್ಕ ಕುಳಿತವನು ಎದ್ದು ನಿಂತು ಪ್ರಯಾಣ ಮಾಡುತ್ತಿದ್ದ. ಮನೆಯಲ್ಲಿ ಹೆಂಡತಿ ಅಂಗಿ ಮೂಸಿ ಕೇಳಿದಳು:

"ಎಷ್ಟು ಮಂದಿರಿ ಇವತ್ತ?"

"ಹೆಸರು ನೆನಪಿಲ್ಲ. ಎಲ್ಲಾರೂ ಫ್ರೆಂಚ್."

ವಸಂತ ಹೋಯಿತು, ಬೇಸಿಗೆ ಹೋಯಿತು. ವೈನಿಯ ಮೂಗಿಗೆ ಯಾವ ದೊಡ್ಡ ಮನುಷ್ಯರೂ ಕಾಣಿಸಲಿಲ್ಲ. ಶ್ರಾವಣ ಬಂದಾಗ ಅಣ್ಣ ಅಡುಗೆಯವರಿಗೆ ಹೇಳಿ ಕಳಿಸಲೇ ಎಂದು ಅಂಜುತ್ತ ಕೇಳಿದ. ವೈನಿ ಬೇಡವೆಂದರು. ಆರಾಧನೆಯ ಬೆಳಿಗ್ಗೆ ಮಡಿಯುಟ್ಟು ಒಲೆ ಹಚ್ಚಿ, ಅಡುಗೆಮನೆಯ ಹೊಸ್ತಿಲಿನಾಚೆ, ಮೈಲಿಗೆಯ ಗಡಿಯಲ್ಲಿ ನನಗೊಂದು ಕುರ್ಚಿ ಹಾಕಿಸಿದರು.

"ನೀ ಮೂಸಬ್ಯಾಡ. ತಾನಾಗಿ ಬಂದ್ರ ಹೇಳು."

ಬರುತ್ತದೆಯೇ? ಕನ್ನಡಕದ ಗೂಟದಂಥ ಈ ಮೂಗಿಗೆ? ಬೆವರುತ್ತ ಕುಳಿತೆ. ಒಳಗೆ ಸಾರು ಕುದಿಯತೊಡಗಿತು. ಆಗ, ಏನೆಂದು ಹೇಳಲಿ, ಬಂತು! ಒಂದರ ಹಿಂದೆ ಒಂದು ಬಿಡಿಸಿಕೊಂಡು ಬಂತು.

"ಇಂಗು ಮುಂದ ಬಂತ್ರಿ ವೈನಿ. ಅದರ ಹಿಂದ ಕರಿಬೇವು. ತಳದಾಗ ಹುಣಸಿ ಇನ್ನೂ ಹಸಿ ಐತಿ, ಇನ್ನೊಂದು ಕುದಿ ಕೊಡ್ರಿ."

ವೈನಿ ತಿರುಗಿ ನನ್ನನ್ನು ಅನುಮಾನದಿಂದ ನೋಡಿದರು. ಇನ್ನೊಂದು ಕುದಿ ಕೊಟ್ಟರು. ಪಲ್ಯ, ಹುಳಿ, ಹಯಗ್ರೀವ, ಎಲ್ಲವೂ ಹೀಗೆಯೇ ಒಲೆಯಿಂದ ಇಳಿದವು. ಕೊನೆಗೆ ತುಪ್ಪ ಕಾಯಲು ಇಟ್ಟರು. ತುಪ್ಪದ ಹದವನ್ನು ಅವರು ಸದ್ದು ಕೇಳಿಯೇ ಬಲ್ಲರು, ಅದಕ್ಕೆ ನನ್ನ ಅಗತ್ಯವಿರಲಿಲ್ಲ. ನಾನು ಏಳಹೊರಟೆ.

"ಕೂಡು," ಎಂದರು ವೈನಿ, ನನ್ನ ಕಡೆ ನೋಡದೆ. "ತುಪ್ಪ ಹೆಂಗೈತಿ ಹೇಳು."

"ಹದಾ ನಿಮಗ ಗೊತ್ತೈತಲ್ರಿ."

"ಹದಾ ಕೇಳಲಿಲ್ಲೋ. ಹೆಂಗೈತಿ ಅಂತ ಕೇಳಿದೆ."

ಬಾಯಿಗೆ ಬಂದದ್ದನ್ನು ಹೇಳಿದೆ.

"ನೀವು ಈ ಮನಿಗೆ ಬಂದ ಹೊಸದಾಗ, ಸಾಲಿಗೆ ಹೋಗೂಮುಂದ ನನ್ನ ಮಾರಿ ಒರಸತಿದ್ರಲ್ರಿ… ಆ ಕೈ ಹಂಗ ಐತ್ರಿ."

ವೈನಿ ಒಲೆ ಸಣ್ಣದು ಮಾಡಿದರು. ಅಂಗೈಯನ್ನು ಮೆಲ್ಲಗೆ ಮೂಗಿನ ಹತ್ತಿರ ತಂದು ಉಸಿರೆಳೆದು ಮೂಸಿದರು. ಆಮೇಲೆ ಕೈ ಇಳಿಸಿದರು.

"ನನಗ ಬರವಲ್ದು ಬಿಡು. ನೀ ಹೇಳು… ಮುಂದ?"